ಪುರುಷಣ್ಣನನ್ನು ಕೊಂದವಳು

ಸುಳ್ಯದ ಆಲೆಟ್ಟಿಯ ಯಶಸ್ವಿ ಟಿ.ವಿ.ಗೆ ಬಂದದ್ದು ರೂಪೇಶನ ಹಾಸ್ಯ ಕಾರ್ಯಕ್ರಮದಿಂದ. ಹತ್ತಿದ ಬಸ್ಸಿನಲ್ಲೆಲ್ಲ ಜಗಳ ತೆಗೆಯುವ ಕಡಬದ ಕಾವೇರಕ್ಕನನ್ನು ಬರೆದವಳೂ ಅವಳೇ, ಆಡಿದವಳೂ ಅವಳೇ. ಆದರೆ ಪರದೆಯ ಮೇಲೆ ‘ರಚನೆ’ ಎಂದು ಬರುತ್ತಿದ್ದುದು ರೂಪೇಶನ ಹೆಸರು.

ಒಮ್ಮೆ ಮೇಕಪ್ ಕೋಣೆಯಲ್ಲಿ ಕೇಳಿಯೇಬಿಟ್ಟಳು. "ನನ್ನ ಹೆಸರು ಯಾವಾಗ ಹಾಕುದು ರೂಪೇಶಣ್ಣ?"

"ಯಾರು ಬರೆದ್ರೆ ಎಂತ? ಜನ ನೋಡುದು ನನ್ನನ್ನು."

ಮುಂದಿನ ವಾರ ಅವಳನ್ನು ಕರೆಯಲಿಲ್ಲ. ಕಾವೇರಕ್ಕನ ಸೀರೆಯನ್ನು ರೂಪೇಶನೇ ಉಟ್ಟಿದ್ದ.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಪುತ್ತೂರಿನ ಒಂದು ಸ್ಟೇಜ್ ಕಾರ್ಯಕ್ರಮದಲ್ಲಿ ಯಶಸ್ವಿಯ ತಾಯಿ ದುಗ್ಗಮ್ಮ ಎದುರು ಸಾಲಿನಲ್ಲಿ ಕುಳಿತಿದ್ದನ್ನು ರೂಪೇಶ ಕಂಡ. ಮುಂದಿನ ಹಲ್ಲುಗಳಿಲ್ಲದ ಅವರ ಮಾತನ್ನು ಅಣಕಿಸಿ, ಬೆರಳು ತೋರಿಸಿ ಸಭೆಯನ್ನೆಲ್ಲ ನಗಿಸಿದ. ದುಗ್ಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಡೀ ಮನೆಗೆ ಕೇಳುವಂತೆ ನಗುತ್ತಿದ್ದ ಹೆಂಗಸು ಆಮೇಲೆ ನೆಂಟರ ಎದುರು ನಗುವುದನ್ನೇ ಬಿಟ್ಟರು.

ಕುಂಬ್ರದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಗೆಳತಿ ನಶೀದಾ, "ನೀನು ಬರಿ, ನಾನು ತೆಗೀತೇನೆ" ಎಂದಳು. ಅವರಿಬ್ಬರು ತೆಗೆದ ಕಾವೇರಕ್ಕನ ಕಂತುಗಳನ್ನು ಮಂಗಳೂರಿನ ಒಂದು ಚಾನೆಲ್ ಕೊಂಡುಕೊಂಡಿತು, ಜನ ಮೆಚ್ಚಿದರು. ಅತ್ತ ಬರೆಯುವವರಿಲ್ಲದೆ ರೂಪೇಶನ ಕಾರ್ಯಕ್ರಮ ಸಪ್ಪೆಯಾಗಿ, ನಿಂತೇ ಹೋಯಿತು.

ಒಂದು ದಿನ ಅವನೇ ಕುಂಬ್ರಕ್ಕೆ ಬಂದ. "ಸಣ್ಣ ಪಾತ್ರ ಆದ್ರೂ ಸಾಕು ಯಶಸ್ವಿ."

ಓಡಿಸಿಬಿಡುತ್ತಾಳೆ ಎಂದುಕೊಂಡಿದ್ದಳು ನಶೀದಾ. ಯಶಸ್ವಿ ಅವನನ್ನು ಕೂರಿಸಿ ಚಾ ಕೊಟ್ಟಳು. ಅವನಿಗಾಗಿಯೇ ಪುರುಷಣ್ಣನನ್ನು ಬರೆದಳು: ಬೇರೆಯವರ ತಮಾಷೆಯನ್ನು ತನ್ನದೆಂದು ಹೇಳಿ ಮದುವೆಮನೆಗಳಲ್ಲಿ ಸಿಕ್ಕಿಬೀಳುವವನು. ವಾರವಾರವೂ ಕಾವೇರಕ್ಕ ಅವನಿಗೆ ಮಂಗಳಾರತಿ ಮಾಡುತ್ತಿದ್ದಳು. ಅವನ ತಲೆಗೆ ಮೀನು ತೊಳೆದ ನೀರು ಸುರಿಯುವ ದೃಶ್ಯ ಸರಿಯಾಗಿ ಬಂದಿದ್ದರೂ ಮತ್ತೆ ತೆಗೆಸಿದಳು. ಅವನಿಗೆ ಎಲ್ಲ ಅರ್ಥವಾಗಿತ್ತು. ಆದರೂ ಕೆಲಸ ಬೇಕಿತ್ತು, ಮುಖ ಒರೆಸಿಕೊಂಡು ನಿಂತ.

ಅವಳು ಎಣಿಸದೆ ಇದ್ದದ್ದು ಒಂದೇ. ಜನರಿಗೆ ಪುರುಷಣ್ಣ ಇಷ್ಟವಾಗಿಬಿಟ್ಟ. ಪಂಜದ ಪೇಟೆಯಲ್ಲಿ ಅವನನ್ನು ಕಂಡರೆ ಸೆಲ್ಫಿಗೆ ಮುತ್ತಿಕೊಳ್ಳುತ್ತಿದ್ದರು. ತನ್ನ ಸಿಟ್ಟೇ ಅವನಿಗೆ ಹೊಸ ಬದುಕು ಕೊಟ್ಟಿತಲ್ಲ ಎಂದು ಯಶಸ್ವಿಯ ಹೊಟ್ಟೆ ಉರಿಯಿತು.

ಪುತ್ತೂರಿನಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಭಾನುವಾರ ಬೆಳಿಗ್ಗೆ, ಹಾಲ್ ತುಂಬಿತ್ತು. ಇಬ್ಬರನ್ನೂ ವೇದಿಕೆಗೆ ಕರೆದರು. ಚಪ್ಪಾಳೆ ಕೇಳಿ ಉಬ್ಬಿದ ರೂಪೇಶ ಮೈಕ್ ಹಿಡಿದು, "ಪುರುಷಣ್ಣ ಹುಟ್ಟಿದ್ದು ನನ್ನ ತಲೆಯಲ್ಲಿ. ಏನು ಬರೆಯಬೇಕು ಅಂತ ನಾನೇ ಹೇಳಿಕೊಡುದು" ಎಂದ.

ಯಶಸ್ವಿ ಎದ್ದು ಇನ್ನೊಂದು ಮೈಕ್ ತೆಗೆದುಕೊಂಡಳು. "ಹೌದಾ ರೂಪೇಶಣ್ಣ? ಹಾಗಾದ್ರೆ ಮುಂದಿನ ವಾರ ಎಂತ ಉಂಟು? ಈಗ್ಲೇ ಮಾಡಿ ತೋರಿಸಿ."

ಅವನು ನಕ್ಕ. ಏನೋ ಹೇಳಲು ಹೊರಟ, ತಡವರಿಸಿದ. ಸಭೆ ಕಾಯಿತು. ಅವಳು ಒಂದು ಮಾತನ್ನೂ ಎತ್ತಿಕೊಡಲಿಲ್ಲ. ಅವನ ಕುತ್ತಿಗೆಯ ಬೆವರು ಅಂಗಿಗೆ ಇಳಿಯುವವರೆಗೂ ನೋಡುತ್ತಾ ನಿಂತಳು.

"ಗೊತ್ತಿಲ್ವಾ? ನಾನು ಹೇಳ್ತೇನೆ. ಪುರುಷಣ್ಣ ಸತ್ತ. ಮಲಗಿ ರೂಪೇಶಣ್ಣ, ನೀವೀಗ ಹೆಣ."

ಜನ "ಹೋ" ಎಂದರು. ಬೇರೆ ದಾರಿ ಕಾಣದೆ ಅವನು ಮಲಗಿದ. ಯಶಸ್ವಿ ಸೆರಗು ಸಿಕ್ಕಿಸಿ, ಕಾವೇರಕ್ಕನಾಗಿ ಅವನ ತಲೆಯ ಬಳಿ ಕುಳಿತು ಎದೆ ಬಡಿದುಕೊಂಡಳು. "ಅಯ್ಯೋ ಪುರುಷಣ್ಣಾ, ಸಾಯುದಾದ್ರೂ ಸ್ವಂತದ್ದಾ, ಇಲ್ಲ ಅದನ್ನೂ ಯಾರದ್ದಾದ್ರೂ ಕದ್ದದ್ದಾ?" ಹಾಲ್ ನಗೆಯಿಂದ ಅದುರಿತು. ಅವನು ಕಣ್ಣು ಮುಚ್ಚಿ ಅಲ್ಲಾಡದೆ ಮಲಗಿದ್ದ. ಅವಳು ಬಗ್ಗಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು: "ಇದು ತಮಾಷೆಗೆ ಅಲ್ಲ. ನಾಳೆಯಿಂದ ಬರ್ಬೇಡಿ."

ಊಟಕ್ಕೂ ನಿಲ್ಲದೆ ಅವನು ಹಿಂದಿನ ಬಾಗಿಲಿನಿಂದ ಹೋದ.

ವಾಪಸು ಬರುವಾಗ ಕಾರಿನಲ್ಲಿ ನಶೀದಾ, "ಪಾಪ ಕಾಣ್ತದೆ ಮಾರಾಯ್ತಿ" ಎಂದಳು.

ತನಗೂ ಹಾಗೆ ಅನಿಸಬಹುದೇ ಎಂದು ಯಶಸ್ವಿ ಕಾದಳು. ಕುಂಬ್ರ ಬಂತು. ಹಾಗೇನೂ ಅನಿಸಲಿಲ್ಲ.

"ನನಗೆ ಹಸಿವಾಗ್ತಾ ಉಂಟು" ಎಂದು ಅವಳು ಹೋಟೆಲಿನ ಎದುರು ಕಾರು ನಿಲ್ಲಿಸಲು ಹೇಳಿದಳು.