ಹಿಗ್ಗಿದ ಟೇಪು

ಊಟವಾಗಿ ಅರ್ಧ ಗಂಟೆ ಕಳೆಯಿತೆಂದರೆ ದರ್ಜಿಯ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಊರಿನವರ ಪ್ಯಾಂಟಿಗೆಲ್ಲ ಸೊಂಟ ಕೂರಿಸಿಕೊಡುವವನು ತನ್ನ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡೇ ಮಿಷನ್ ತುಳಿಯಬೇಕಾಗಿತ್ತು.

"ಗಿರಾಕಿಗಳು ನೋಡಿದ್ರೆ ಏನನ್ಕೊಳ್ತಾರೆ?" ಹೆಂಡತಿ ಗದರಿದಳು. "ಆಸ್ಪತ್ರೇಲಿ ಹೊಟ್ಟೆ ಉಬ್ಬರಕ್ಕೆ ಏನೋ ಸಂಶೋಧನೆ ಮಾಡ್ತಿದಾರಂತೆ. ಹೋಗಿ ಸೇರ್ಕೊಳ್ಳಿ."

ಅಲ್ಲಿ ಎಂಬತ್ತು ಜನ ಸೇರಿದ್ದರು. ಅರ್ಧ ಜನಕ್ಕೆ ಒಳ್ಳೆಯ ಬ್ಯಾಕ್ಟೀರಿಯಾ ಬೆರೆಸಿದ ಪುಡಿ, ಉಳಿದವರಿಗೆ ನೋಡಲು ಹಾಗೆಯೇ ಇರುವ ಬರೀ ಪುಡಿ. ಯಾರಿಗೆ ಯಾವುದು ಹೋಯಿತೆಂದು ಹಂಚುವ ನರ್ಸಮ್ಮನಿಗೂ ತಿಳಿಯದು. ಪ್ರತಿ ಸೋಮವಾರ ಎಲ್ಲರಿಗೂ ಒಂದೇ ಅಳತೆಯ ಊಟ. ಆಮೇಲೆ ಸಾಲಾಗಿ ನಿಲ್ಲಿಸಿ ಹೊಟ್ಟೆಗೆ ಟೇಪು ಸುತ್ತುವುದು.

ಹತ್ತೇ ವಾರದಲ್ಲಿ ಎಂಬತ್ತು ಹೊಟ್ಟೆಗಳೂ ಇಳಿದುಬಿಟ್ಟವು! ಉಸ್ಸೆಂದು ಕೂರುತ್ತಿದ್ದ ಪೋಸ್ಟ್‌ಮಾಸ್ಟರು ಎರಡೆರಡು ಮೆಟ್ಟಿಲು ಹಾರಿ ಬರತೊಡಗಿದರು. ದರ್ಜಿಯ ಗುಂಡಿಯೂ ಅದರ ಕಾಜದಲ್ಲಿ ಸುಖವಾಗಿತ್ತು.

ಹನ್ನೊಂದನೆಯ ಸೋಮವಾರ ನರ್ಸಮ್ಮ ಅವನ ಹೊಟ್ಟೆ ಅಳೆದು, "ಮೂವತ್ನಾಲ್ಕು," ಎಂದಳು.

ದರ್ಜಿಯ ಕಿವಿ ನಿಮಿರಿತು. ಅಂದು ಬೆಳಿಗ್ಗೆಯಷ್ಟೇ ಹೊಸ ಪ್ಯಾಂಟಿಗೆಂದು ತನ್ನನ್ನೇ ಅಳೆದುಕೊಂಡಿದ್ದ. ಮೂವತ್ತಾರು ಬಂದಿತ್ತು.

"ಆ ಟೇಪ್ ಸ್ವಲ್ಪ ಕೊಡಿ ನರ್ಸಮ್ಮ," ಎಂದು ಇಸಿದುಕೊಂಡು ತನ್ನ ಕುತ್ತಿಗೆಯ ಟೇಪಿನ ಪಕ್ಕ ಹಿಡಿದ. "ಬಟ್ಟೆ ಟೇಪು. ಜಗ್ಗಿ ಜಗ್ಗಿ ಎರಡಿಂಚು ಹಿಗ್ಗಿದೆ. ನಮ್ಮ ಹೊಟ್ಟೆ ಎಲ್ಲೂ ಇಳಿದಿಲ್ಲ."

ಪೋಸ್ಟ್‌ಮಾಸ್ಟರು ಹೊಟ್ಟೆ ಹಿಡಿದು ಕುರ್ಚಿಗೆ ಕುಸಿದರು. "ಅಯ್ಯೋ, ಉಬ್ಬರಿಸ್ತಿದೆ!" ನೋಡನೋಡುತ್ತ ಅವರ ಪಕ್ಕದವರಿಗೆ, ಅವರ ಹಿಂದಿನವರಿಗೆ, ಸಾಲಿಗೆ ಸಾಲೇ ಉಬ್ಬರ ಹತ್ತಿತು.

"ಬಾಯಿ ಮುಚ್ಕೊಂಡಿರೋಕೆ ನಿನಗೇನು ರೋಗ?" ಎಂದು ಮೇಷ್ಟ್ರೊಬ್ಬರು ಕಿರುಚಿದರು. ಅಷ್ಟರಲ್ಲಿ ದರ್ಜಿಯೂ ಗುಂಡಿ ಬಿಚ್ಚುತ್ತಿದ್ದ.

ಓಡಿಬಂದ ಡಾಕ್ಟರಮ್ಮ ತಲೆ ಮೇಲೆ ಕೈಹೊತ್ತು, ದರ್ಜಿಯ ಕೈಯಿಂದಲೇ, ಅವನ ಟೇಪಿನಲ್ಲೇ ಎಲ್ಲರನ್ನೂ ಅಳೆಸಿದರು. ರೂಢಿಬಲದಿಂದ ಅವನು ಒಬ್ಬೊಬ್ಬರನ್ನೂ, "ಬಿಗಿ ಇರಲಾ, ಸಡಿಲ ಇರಲಾ?" ಎಂದು ಕೇಳಿದ. ಎಲ್ಲರೂ "ಸಡಿಲ" ಎಂದರು. ಹೊಟ್ಟೆಗಳು ಮಾತ್ರ ಮೊದಲ ದಿನ ಎಷ್ಟಿದ್ದವೋ ಅಷ್ಟೇ ಇದ್ದವು.

ಸಂಶೋಧನೆಯನ್ನು ಉಕ್ಕಿನ ಟೇಪಿನಿಂದ ಮತ್ತೆ ಶುರುಮಾಡುವುದೆಂದು ತೀರ್ಮಾನವಾಯಿತು. ಹಳೆಯ ಟೇಪೇ ಬೇಕೆಂದು ಎಪ್ಪತ್ತೊಂಬತ್ತು ಜನ ಅರ್ಜಿ ಕೊಟ್ಟರು. ಡಾಕ್ಟರಮ್ಮ ಅದನ್ನು ಓದಿ, ಅವರೆದುರಿಗೇ ಹರಿದರು.

ಮರುದಿನ ದರ್ಜಿಯ ಅಂಗಡಿಯ ಮುಂದೆ ಜನವೋ ಜನ. ಪೋಸ್ಟ್‌ಮಾಸ್ಟರ ಕೈಯಲ್ಲಿ ಆಸ್ಪತ್ರೆಯ ಕಸದ ಬುಟ್ಟಿಯಿಂದ ಹೆಕ್ಕಿದ ಟೇಪು.

"ವಾರಕ್ಕೊಂದ್ಸಲ ಇದರಲ್ಲಿ ಅಳೆದುಬಿಡಪ್ಪ, ಪುಣ್ಯ ಬರುತ್ತೆ."

"ಸುಳ್ಳು ಅಳತೆ ಸರ್ ಅದು," ಎಂದ ದರ್ಜಿ.

"ನಿಜ ತಿಳ್ಕೊಂಡು ನಿನ್ನೆಯಿಂದ ನಿದ್ದೆ ಇಲ್ಲ ಕಣಯ್ಯ!"

ಒಳಗಿನಿಂದ ಹೆಂಡತಿ ಕೂಗಿದಳು: "ಮೊದಲು ನಿಮ್ಮದು ಅಳೆದ್ಕೊಳ್ಳಿ, ಮಾರಾಯ್ರೇ!"

ಹಿಂಜರಿಯುತ್ತಲೇ ಸುತ್ತಿಕೊಂಡ. ಮೂವತ್ನಾಲ್ಕು. ಎಲ್ಲಿತ್ತೋ, ಬೀದಿಯ ತುದಿಯವರೆಗೆ ಕೇಳುವಂಥ ತೇಗೊಂದು ಹೊರಟಿತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ದರ್ಜಿ ಸ್ಟೂಲು ಹೊರಗಿಟ್ಟು ಒಬ್ಬೊಬ್ಬರನ್ನೇ ಕರೆಯತೊಡಗಿದ. ಪ್ಯಾಂಟು ಹೊಲಿಯುವಾಗ ಮಾತ್ರ ಆ ಟೇಪನ್ನು ಅವನೆಂದೂ ಮುಟ್ಟಲಿಲ್ಲ.