ಮಣ್ಣಿಗೆ ಬೇರೆ ಪತ್ರ

"ಸಸಿ ಹೋಗಬಹುದಮ್ಮ. ಮಣ್ಣು ಹೋಗೋ ಹಾಗಿಲ್ಲ."

ತಪಾಸಣಾ ಅಧಿಕಾರಿ ಇದನ್ನು ಮೂರನೆಯ ಸಲ ಹೇಳಿದ. ಒರಟಾಗಿ ಹೇಳಿದ್ದರೆ ಸಸಿಯಮ್ಮ ಜಗಳಕ್ಕಾದರೂ ನಿಲ್ಲುತ್ತಿದ್ದಳು. ಮಗನ ವಯಸ್ಸಿನ ಆತ ಕುರ್ಚಿ ಎಳೆದು ಕೂರಿಸಿ, ಕುಡಿಯಲು ನೀರು ಕೊಟ್ಟು, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ಹೇಳುತ್ತಿದ್ದ. ಅಂಥವನ ಮೇಲೆ ಹರಿಹಾಯುವುದಾದರೂ ಹೇಗೆ?

ಹೊರಗೆ, ಗಡಿ ಗೇಟಿನ ಮುಂದೆ ನಿಂತ ಲಾರಿಯಲ್ಲಿ ಮೂರು ಸಾವಿರ ಕಾಂಡ್ಲಾ ಸಸಿಗಳು ಹನ್ನೊಂದು ಗಂಟೆಯ ಬಿಸಿಲಲ್ಲಿ ಬೇಯುತ್ತಿದ್ದವು. ಉಪ್ಪುನೀರಿನಲ್ಲಿ ಬೇರುಬಿಟ್ಟು ದಂಡೆಯನ್ನು ಬಿಗಿಹಿಡಿಯುವ ಗಿಡ ಅದು. ವರ್ಷದಿಂದ ವರ್ಷಕ್ಕೆ ಮೇಲೇರಿ ಬರುತ್ತಿರುವ ಕಡಲಿಗೆ ಅಡ್ಡವಾಗಿ ಗಡಿಯ ಈಚೆಗೂ ಆಚೆಗೂ ಕಾಂಡ್ಲಾ ಬೆಳೆಸುವುದೆಂದು ಎರಡು ಸರಕಾರಗಳು ಒಪ್ಪಂದ ಮಾಡಿಕೊಂಡಿದ್ದವು. ದೊಡ್ಡವರು ಕೈಕುಲುಕಿದ ಫೋಟೊ ಪೇಪರಿನಲ್ಲಿ ಬಂದಿತ್ತು. ಈಚೆಯ ಸಾಲು ನೆಟ್ಟಾಗಿತ್ತು. ಆಚೆಯವರ ಸಸಿಮಡಿಯನ್ನು ಮಾತ್ರ ಹೋದ ವರ್ಷದ ಉಬ್ಬರ ಕೊಚ್ಚಿಕೊಂಡು ಹೋಗಿತ್ತು, ಜೊತೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಅಡುಗೆಮನೆಯನ್ನೂ. ಫೋನಿನಲ್ಲೇ ಪರಿಚಯವಾಗಿ, ಫೋನಿನಲ್ಲೇ ಅಕ್ಕನಾದವಳು ಅವಳು. "ಅಳಬೇಡಕ್ಕ, ನಿನ್ನ ಪಾಲಿನದನ್ನೂ ನಾನೇ ಬೆಳೆಸ್ತೀನಿ" ಎಂದು ಸಸಿಯಮ್ಮ ಮಾತು ಕೊಟ್ಟುಬಿಟ್ಟಿದ್ದಳು.

ಹತ್ತು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಏಡಿ ಕಡಿಯದಂತೆ ಬಲೆ, ಬಿಸಿಲಿಗೆ ಚಪ್ಪರ. ಹೆರಿಗೆಗೆ ಬಂದ ಮಗಳು "ನನ್ನನ್ನು ಇಷ್ಟು ಚೆನ್ನಾಗಿ ನೋಡ್ಕೊಳ್ಳಲಿಲ್ಲ ನೀನು" ಎಂದು ಆಡಿಕೊಂಡಿದ್ದಳು. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಇನ್ನು ನಾಲ್ಕೇ ದಿನ. ಬೇರಿನ ಸುತ್ತಲಿನ ಮಣ್ಣಿನ ಸಮೇತ ಇವತ್ತೇ ನೆಟ್ಟರೆ ಸಸಿಗಳು ನಿಂತಾವು, ಸಸಿ ನಿಂತರೆ ಅಕ್ಕನ ಕೇರಿ ನಿಂತೀತು.

"ಅಪ್ಪಣೆ ಪತ್ರದಲ್ಲಿ ಎಂಟು ಸಹಿ ಇದೆಯಲ್ಲ ಸಾರ್?"

"ಎಂಟೂ ಸಸಿಗೇ ಅಮ್ಮ. ಮಣ್ಣಿಗೆ ಬೇರೆ ಪತ್ರ ಬೇಕು. ಅದರಲ್ಲಿ ಯಾವ ಹುಳ, ಯಾವ ರೋಗ ಇದೆಯೋ ಅಂತ ಪರೀಕ್ಷೆ ಆಗಬೇಕು. ಎರಡು ತಿಂಗಳು ಹಿಡಿಯುತ್ತೆ."

"ಎರಡು ಕಡೇನೂ ಒಂದೇ ಕೆಸರು. ಒಂದೇ ಕಡಲು ತಂದು ಹಾಕಿದ್ದು!"

"ನನಗೆ ಗೊತ್ತಿಲ್ವಾ? ಬೆಳಗ್ಗೆಯಿಂದ ಮೇಲಿನವರಿಗೆ ಆರು ಸಲ ಫೋನ್ ಮಾಡಿದೆ. ಒಪ್ಪಂದ ಮಾಡಿದವರು ಮುಂದಿನ ಒಪ್ಪಂದದ ಸಭೆಗೆ ಹೋಗಿದ್ದಾರಂತೆ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಬೇರು ತೊಳೆದು ಕೊಟ್ಟರೆ ಈಗಲೇ ಮೊಹರು ಹಾಕ್ತೀನಿ. ನನ್ನ ಕೈಯಲ್ಲಿ ಇರೋದು ಅಷ್ಟೇ."

ಲಾರಿ ಓಡಿಸಿಕೊಂಡು ಬಂದಿದ್ದ ಮೈದುನ ಬಾಗಿಲಿಗೆ ಒರಗಿ ನಿಂತಿದ್ದ. "ಗಿಡಗಳಿಗೂ ಚಪ್ಪಲಿ ಬಿಚ್ಚಿ ಒಳಗೆ ಬಾ ಅಂತಿದ್ದಾರೆ ಅತ್ತಿಗೆ" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಸಸಿಯಮ್ಮ ಹೊರಗೆ ಬಂದಳು. ಗೇಟಿನಾಚೆ, ಐವತ್ತು ಹೆಜ್ಜೆ ದೂರದಲ್ಲಿ, ಬುಟ್ಟಿ ಗುದ್ದಲಿ ಹಿಡಿದ ಹತ್ತು ಹನ್ನೆರಡು ಜನ. ಮುಂದೆ ನಿಂತ ಕುಳ್ಳಗಿನ ಹೆಂಗಸು ಕೈಯೆತ್ತಿದಳು. ಇಷ್ಟು ದಿನ ಅಕ್ಕ ಎಂದರೆ ಎತ್ತರದ ಆಳು ಎಂದುಕೊಂಡಿದ್ದಳು ಸಸಿಯಮ್ಮ. ಒಬ್ಬರ ಮುಖ ಒಬ್ಬರು ನೋಡುತ್ತಲೇ ಇಬ್ಬರೂ ಫೋನು ಕಿವಿಗಿಟ್ಟರು. ಸಸಿಯಮ್ಮ ಎಲ್ಲವನ್ನೂ ಹೇಳಿದಳು.

"ತೊಳೆದರೆ ಎಷ್ಟು ಉಳಿದಾವು?" ಅಕ್ಕ ಕೇಳಿದಳು.

"ನಿನಗೇ ಗೊತ್ತಲ್ಲಕ್ಕ. ಎಳೆಬೇರೆಲ್ಲ ಮಣ್ಣಿನ ಜೊತೆಗೇ ಕಿತ್ತು ಹೋಗುತ್ತೆ. ನೂರಕ್ಕೆ ಐದು ಉಳಿದರೆ ಹೆಚ್ಚು."

"ವಾಪಸ್ ಒಯ್ದು, ಪತ್ರ ಬಂದ ಮೇಲೆ ತಂದರೆ?"

"ತರಬಹುದು." ಎಂದಳು ಸಸಿಯಮ್ಮ. "ಅಲ್ಲಿವರೆಗೆ ನಿಮ್ಮ ದಂಡೆ ಇರಬೇಕಲ್ಲ."

ಅಕ್ಕ ಹಿಂದೆ ತಿರುಗಿ ತನ್ನ ಜನರನ್ನು ನೋಡಿದಳು. "ಹಾಗಾದ್ರೆ ತೊಳಿ. ಇಷ್ಟು ಜನರನ್ನ ಕರ್ಕೊಂಡು ಬಂದಿದೀನಿ, ಬರಿಗೈಯಲ್ಲಿ ಹೇಗೆ ವಾಪಸ್ ಹೋಗ್ಲಿ?"

ಕಚೇರಿಯ ಪಕ್ಕದ ನಲ್ಲಿಯ ಕೆಳಗೆ ಕೂತು ಸಸಿಯಮ್ಮ ಮೊದಲ ಸಸಿಯ ಚೀಲ ಹರಿದಳು. ಬೆರಳು ಆಡಿಸಿದಂತೆ ಮಣ್ಣು ಕರಗಿತು, ಅದರೊಡನೆ ಕೂದಲಿನಂಥ ಬೇರುಗಳೂ. ನಾನೇ ಬೆಳೆಸಿ ನಾನೇ ಕೊಲ್ಲುತ್ತಿದ್ದೇನೆ ಎನಿಸಿತು, ಆದರೂ ಎರಡನೆಯದನ್ನು ಎತ್ತಿಕೊಂಡಳು. ಮೈದುನ ಬಂದು ಕೂತ. ಸ್ವಲ್ಪ ಹೊತ್ತಿಗೆ ಅಧಿಕಾರಿಯೂ ತೋಳು ಮಡಿಸಿಕೊಂಡು ಬಂದು ಕುಕ್ಕರುಗಾಲಲ್ಲಿ ಕೂತ. "ಮೆಲ್ಲಗೆ ಸಾರ್, ಮೆಲ್ಲಗೆ" ಎಂದಳು ಅವಳು. ಐವತ್ತು ಸಸಿಗಳ ಒಂದೊಂದೇ ಕಟ್ಟು ಮೊಹರು ಹಾಕಿಸಿಕೊಂಡು, ಬರಿಬೇರಲ್ಲಿ, ಗೇಟು ದಾಟಿತು.

ತೊಳೆದ ಕೆಸರುನೀರು ರಸ್ತೆಯ ಇಳಿಜಾರು ಹಿಡಿದು ಗೇಟಿನ ಅಡಿಯಿಂದ ಆಚೆಗೆ ಹರಿಯಿತು. ಕಾವಲುಗಾರ ಬೂಟು ನೆನೆಯದಂತೆ ಕಾಲೆತ್ತಿ ದಾರಿ ಬಿಟ್ಟ. ಕಟ್ಟು ಇಸಿದುಕೊಳ್ಳಲು ಗೇಟಿನ ಬಳಿಗೆ ಬಂದಿದ್ದ ಅಕ್ಕ ಅದನ್ನು ನೋಡಿದಳು. ಕೈಯಲ್ಲಿದ್ದ ಕಟ್ಟನ್ನು ಮಡಿಲಿಗೆ ಹಾಕಿಕೊಂಡು ಡಾಂಬರಿನ ಮೇಲೆ ಮಂಡಿಯೂರಿ ಕೂತಳು. ಎರಡೂ ಅಂಗೈ ಅಡ್ಡ ಇಟ್ಟು, ನಿಂತಷ್ಟು ಕೆಸರನ್ನು ಬಳಿದು ಬೇರುಗಳಿಗೆ ಮೆತ್ತತೊಡಗಿದಳು. ನೀರು ಬೆರಳ ಸಂದಿಯಿಂದ ಜಾರಿ ಹೋಗುತ್ತಿತ್ತು. ಉಳಿದ ತೆಳ್ಳನೆಯ ಕೆಸರು ಕಾದ ರಸ್ತೆಗೆ ತಾಗಿದ್ದೇ ಒಣಗುತ್ತಿತ್ತು. ಅವಳು ಅದನ್ನು ಉಗುರಿನಿಂದ ಕೆರೆಯುತ್ತಿದ್ದಳು.