ಕಡಿದು ನೋಡಿದ ಜೋಳ

ಬಾಯಲ್ಲಿ ಏನೂ ಇಲ್ಲದಾಗಲೂ ನನ್ನ ಗಂಡನ ಕೆನ್ನೆಯಲ್ಲೊಂದು ಗಂಟು ಏಳುತ್ತಿತ್ತು. ಪೇಪರ್ ಓದುವಾಗ, ಅಂಗಡಿಯ ಗಾದಿಯ ಮೇಲೆ ಸುಮ್ಮನೆ ಕೂತಾಗ, ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ ಅದು ಎದ್ದು ಇಳಿಯುತ್ತಿತ್ತು. ಈ ವಯಸ್ಸಿನಲ್ಲಿ ಗುಟಕಾ ಶುರು ಮಾಡಿದರೋ ಎಂದು ನನಗೆ ಅನುಮಾನ ಬಂತು. "ಬಾಯಾಗ ಏನೈತಿ, ತಗೀರಿ" ಅಂದೆ. ತೆರೆದು ತೋರಿಸಿದರು. ಹೊಸ ಹಲ್ಲುಗಳಿದ್ದವು, ಅಷ್ಟೇ. ಅವತ್ತಿನಿಂದ ನನ್ನ ಕಣ್ಣೆಲ್ಲ ಆ ಗಂಟಿನ ಮೇಲೇ.

ನನ್ನ ಗಂಡ ಗುರುಪಾದಪ್ಪ ನರಗುಂದದಲ್ಲಿ ಕಾಳಿನ ವ್ಯಾಪಾರಿ. ತೇವ ಅಳೆಯುವ ಮಷೀನು ಬಂದು ಎಷ್ಟೋ ವರ್ಷವಾಯಿತು. ನಮ್ಮ ಅಂಗಡಿಯಲ್ಲೂ ಒಂದಿದೆ, ಅದರ ಮೇಲೆ ಟವೆಲ್ ಒಣಹಾಕುತ್ತಾರೆ. ಚೀಲದ ಅಡಿಗೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದನ್ನು ದವಡೆ ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಒತ್ತಿ ನೋಡುವುದು ಅವರ ಪದ್ಧತಿ. ಕಾಳು ಒಡೆಯುವ ಮುಂಚೆ ಎಷ್ಟು ಮಣಿಯಿತು ಅನ್ನುವುದರಲ್ಲೇ ಎಲ್ಲ ಇದೆಯಂತೆ. ಅವರು "ಒಣಗೈತಿ" ಅಂದರೆ ಮಾರುವವನೂ ಕೊಳ್ಳುವವನೂ ತುಟಿ ಪಿಟ್ಟೆನ್ನುತ್ತಿರಲಿಲ್ಲ. ಮುಂದಿನ ಹಲ್ಲಿನಲ್ಲಿ ಕಡಿದು ನೋಡುವ ವ್ಯಾಪಾರಿಗಳನ್ನು ಕಂಡರೆ ಇವರಿಗೆ ತಾತ್ಸಾರ. "ಅಳಿಲು ಕಡದಂಗ ಕಡೀತಾವ" ಎಂದು ಗೇಲಿ ಮಾಡುತ್ತಿದ್ದರು. ಮನೆಯಲ್ಲಿ ಮಾತ್ರ ಆ ಹಲ್ಲುಗಳಿಂದ ನಾನು ಸುಖಪಟ್ಟವಳಲ್ಲ. ಅನ್ನದಲ್ಲಿ ಸಾಸಿವೆಯಷ್ಟು ಹರಳಿದ್ದರೂ ಅವಕ್ಕೆ ಗೊತ್ತಾಗುತ್ತಿತ್ತು, ಅದು ನನಗೂ ಗೊತ್ತಾಗುವಂತೆ ಇವರು ಮಾಡುತ್ತಿದ್ದರು.

ನನ್ನ ತವರು ಜಕ್ಕಲಿಯಲ್ಲೂ ಈ ಹಲ್ಲಿನ ಮೇಲೆ ಅಷ್ಟೇ ನಂಬಿಕೆ. ಅಲ್ಲಿ ನನ್ನ ತಮ್ಮ ದ್ಯಾಮಪ್ಪ ಇನ್ನೂ ಹಗೇವು ಇಟ್ಟುಕೊಂಡಿದ್ದಾನೆ. ಮನೆಯ ಮುಂದೆ ನೆಲದೊಳಗೆ ಆಳು ಮುಳುಗುವಷ್ಟು ಆಳಕ್ಕೆ ತೋಡಿದ ಕಣಜ ಅದು. ಯುಗಾದಿಯಾದ ಮೇಲೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಣ ಜೋಳವಾದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಹಸಿ ಹೋಯಿತೋ, ಒಳಗೇ ಕುದಿದು, ಬೂಸ್ಟು ಹಿಡಿದು, ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಇಳಿದವನಿಗೆ ಕೂಗುವುದಕ್ಕೂ ಪುರಸೊತ್ತು ಸಿಗುವುದಿಲ್ಲ. ನಮ್ಮಪ್ಪನ ಕಾಲದಲ್ಲಿ ಮೊದಲು ಕಂದೀಲು ಇಳಿಬಿಡುತ್ತಿದ್ದರು, ಅದು ಆರದೆ ಉಳಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನನ್ನ ಗಂಡ ಪ್ರತಿ ವರ್ಷ ಹೋಗಿ, ತುಂಬುವ ಮುಂಚೆ ಜೋಳ ಕಡಿದು ನೋಡತೊಡಗಿದ ಮೇಲೆ ಕಂದೀಲು ಅಟ್ಟ ಸೇರಿತು.

ಹೋದ ವರ್ಷ ಆ ಹಲ್ಲುಗಳು ಅಲ್ಲಾಡತೊಡಗಿದವು. ಒಸಡಿನ ರೋಗ. ಗಜೇಂದ್ರಗಡದಲ್ಲಿ ಮಧುರಾ ಎಂಬ ಹಲ್ಲಿನ ಡಾಕ್ಟರು ಚಲೋ ನೋಡುತ್ತಾರೆಂದು ಬೀಗರು ಹೇಳಿದರು. ಆಕೆ ಎರಡೂ ಕಡೆಯ ದವಡೆ ಹಲ್ಲು ತೆಗೆದು, ಎಲುಬಿಗೆ ತಿರುಪು ಕೂಡಿಸಿ, ಅದು ಮಾಗಿದ ಮೇಲೆ ಹೊಸವನ್ನು ಕೂರಿಸಿದರು. ಮುಂದಿನವು ಮಾತ್ರ ಇವರ ಸ್ವಂತದವು ಉಳಿದವು. ಹೊಸ ಹಲ್ಲಿನಲ್ಲಿ ಖಡಕ್ ರೊಟ್ಟಿ ಮುರಿದ ಸದ್ದು ಪಡಸಾಲೆಗೆ ಕೇಳಿಸಿದಾಗ ನನಗೆ ಖುಷಿಯಾಯಿತು. ಹರಳಿನ ದೂರೂ ನಿಂತಿತು. ನನ್ನ ಕೈ ಸುಧಾರಿಸಿತು ಅಂದುಕೊಂಡೆ, ಎಂಥ ಹುಚ್ಚಿ ನಾನು.

ಈ ಯುಗಾದಿಗೂ ಜಕ್ಕಲಿಗೆ ಹೋಗಿದ್ದೆವು. ಜೋಳ ಕಣದಲ್ಲಿದ್ದಾಗಲೇ ಅಕಾಲದ ಮಳೆ ಬಿದ್ದಿತ್ತು. ಆಮೇಲೆ ಬಿಸಿಲಿಗೆ ಹರವಿದ್ದರು, ಆದರೂ ದ್ಯಾಮಪ್ಪನಿಗೆ ಧೈರ್ಯವಿರಲಿಲ್ಲ. ಇವರು ಒಂದು ಕಾಳು ದವಡೆಗಿಟ್ಟರು, ಇನ್ನೊಂದು ಇಟ್ಟರು. ಎಂದಿಗಿಂತ ಹೆಚ್ಚು ಹೊತ್ತಾಯಿತು. ಕೊನೆಗೆ "ಒಣಗೈತಿ, ತುಂಬು" ಅಂದರು. ಈ ಸಲ ಬೆಳೆ ಕಡಿಮೆ, ಹಗೇವು ಅರ್ಧವೇ ತುಂಬಿತು. ಕೆನ್ನೆಯ ಗಂಟು ಶುರುವಾದದ್ದು ಊರಿಗೆ ಮರಳಿದ ಮೇಲೆ.

ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು. ಇವರಿಗೆ ಕಿವಿಯ ಹತ್ತಿರ ನೋವು, ಬಾಯಿ ಪೂರಾ ತೆರೆಯಲಾಗುವುದಿಲ್ಲ. ನನ್ನ ತಲೆಯಲ್ಲಿ ಏನೇನೋ ಕೆಟ್ಟ ರೋಗಗಳ ಹೆಸರು. ದೇವರಿಗೆ ಹೇಳಿಕೊಂಡು, ಇವರನ್ನು ಬೈದುಕೊಂಡು, ಗಜೇಂದ್ರಗಡಕ್ಕೆ ಕರೆದುಕೊಂಡು ಹೋದೆ.

ಮಧುರಾ ಡಾಕ್ಟರು ಬಾಯೊಳಗೆ ನೋಡಲಿಲ್ಲ, ಮೊದಲು ಎರಡೂ ಕೆನ್ನೆಯ ಮೇಲೆ ಬೆರಳಿಟ್ಟರು. "ಹಲ್ಲು ಕಚ್ಚರಿ ಕಾಕಾ. ಹಾಂ, ಈಗ ಬಿಡ್ರಿ." ಇನ್ನೊಮ್ಮೆ ಹಾಗೇ ಮಾಡಿಸಿದರು. ಆಮೇಲೆ ನನ್ನ ಕೈ ಹಿಡಿದು ಅಲ್ಲಿಟ್ಟರು. "ಕಾಕು, ನೀವೂ ಮುಟ್ಟಿ ನೋಡ್ರಿ." ಬೆರಳಿಗೆ ಕಲ್ಲು ಸಿಕ್ಕಂತಾಯಿತು.

"ಇದು ಅಗಿಯೋ ಸ್ನಾಯು" ಅಂದರು. "ಕೆನ್ನಿ ಎಲುಬಿನಿಂದ ದವಡಿ ಮೂಲಿ ತನಕಾ ಅದ. ಇನ್ನೊಂದು ಇಲ್ಲೆ, ಕಣತಲಿ ಮ್ಯಾಲ, ಬೀಸಣಿಕಿ ಹಂಗ ಹರಡೇದ. ಒಳಗ ಇನ್ನೂ ಎರಡು ಅವ. ಉಣ್ಣೋವಾಗ ಅಷ್ಟ ದುಡದು, ಉಳದ ಹೊತ್ತು ಮಲಗಬೇಕು ಇವು. ಕಾಕಾರವು ದಿನವೆಲ್ಲಾ ದುಡೀಲಿಕ್ಕೆ ಹತ್ಯಾವ. ಹಿಂಗ ಕಚ್ಚಿ ಹಿಡದ್ರ ಹೊಸ ಹಲ್ಲೂ ಸೀಳ್ತಾವ. ಏನ್ ಚಿಂತಿ ಹಚ್ಚಿಕೊಂಡೀರಿ ಕಾಕಾ?"

ಕೆಟ್ಟ ರೋಗವಲ್ಲ ಎಂದು ನನ್ನ ಜೀವ ಮರಳಿ ಬಂತು. ಇವರು ಮಾತ್ರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆಯನ್ನೇ ನೋಡುತ್ತಿದ್ದರು.

"ಡಾಕ್ಟರ್ರ, ಹಳೇ ಹಲ್ಲಿಗೆ ತಿಳೀತಿದ್ದದ್ದು ಈ ಹಲ್ಲಿಗೆ ಯಾಕ ತಿಳಿವಲ್ದು?"

ಡಾಕ್ಟರು ಆ ದವಡೆಯಿಂದ ಒಂದು ಹಲ್ಲನ್ನು ಬೇರುಸಹಿತ ಎಳೆದು ತೋರಿಸಿದರು. "ಹಲ್ಲು ಗ್ವಾಡಿಗೆ ಮೊಳಿ ಹೊಡದಂಗ ಎಲುಬಿನಾಗ ಕೂತಿರೂದಿಲ್ಲ ಕಾಕಾ. ಬೇರಿನ ಸುತ್ತಲೂ ಸಣ್ಣ ಸಣ್ಣ ದಾರ ಇರ್ತಾವ, ತೊಟ್ಟಿಲಾ ತೂಗಹಾಕಿದಂಗ. ಕಡದಾಗ ಹಲ್ಲು ಒಂಚೂರು ಒಳಗ ಒತ್ತತದ. ಆ ದಾರದಾಗಿನ ನರ ಹೇಳ್ತಾವ, ಇದು ಮೆತ್ತಗದ, ಇದು ಬಿರುಸದ ಅಂತ. ಹಲ್ಲು ತಗದಾಗ ಅವೂ ಹೋದುವು. ತಿರುಪು ಎಲುಬಿಗೇ ಬೆಸದದ. ಅಗೀಲಿಕ್ಕೆ ಗಟ್ಟಿ, ಆದ್ರ ಸಣ್ಣ ಫರಕು ತಿಳಿಯೂದು ಕಷ್ಟ."

"ಮತ್ತ ಬರ್ತೈತೇನ್ರಿ?"

"ಸ್ವಲ್ಪ ರೂಢಿ ಆಗ್ತದ. ಮೊದಲಿನಂಗ ಅಂದ್ರ ಇಲ್ಲ. ನಿಮ್ಮ ಮುಂದಿನ ಹಲ್ಲಿಗೆ ಇನ್ನೂ ಎಲ್ಲಾ ತಿಳೀತದ ನೋಡ್ರಿ, ಅವು ನಿಮ್ಮವೇ."

ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು, ಬಿಸಿ ಅರಿವೆ, ಮೆತ್ತಗಿನ ಊಟ ಎಂದು. ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಣ್ಣ ಮುಂದೆ ಜಕ್ಕಲಿಯ ಕಣ, ಆ ಜೋಳದ ರಾಶಿ, ಇವರ ಬಾಯನ್ನೇ ನೋಡುತ್ತ ನಿಂತಿದ್ದ ನನ್ನ ತಮ್ಮ.

ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ಜಕ್ಕಲ್ಯಾಗ ಕಡದ್ರಲಾ, ಆವಾಗ ತಿಳೀತೋ ಇಲ್ಲೋ?"

ಇವರು ಆ ಕಡೆ ಮುಖ ಮಾಡಿದರು. ಗಂಟು ಎದ್ದಿತು. "ಇಲ್ಲ."

"ಮತ್ತ ಒಣಗೈತಿ ಅಂದ್ರಿ?"

"ಎಲ್ಲಾರೂ ನನ್ನ ಬಾಯಿನ ನೋಡಾಕ ಹತ್ತಿದ್ರು, ರೇಣುಕಾ. ಬಣ್ಣ ಚಲೋ ಕಂಡಿತು. ಅಂದುಬಿಟ್ಟೆ."

"ಮುಂದಿನ ಹಲ್ಲಿನಾಗರ ಕಡದ ನೋಡಬೇಕಿತ್ತಿಲ್ರಿ!"

"ಅಷ್ಟು ಮಂದಿ ಮುಂದ?"

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಬೇಕು ಅನ್ನಿಸಿದ್ದು ಅವತ್ತೇ ಮೊದಲು. ಅಳಿಲಿನಂತೆ ಕಾಣುತ್ತೇನೆಂಬ ನಾಚಿಕೆಗೆ ನನ್ನ ತಮ್ಮನ ಜೀವ ಒಡ್ಡಿದ್ದರು. "ಹಗೇವು ತಗಿಯೂದು ಶ್ರಾವಣ ಮುಗದ ಮ್ಯಾಲೆ ಅಲ್ಲೇನು" ಎಂದು ಗೊಣಗಿದರು. "ಪಂಚಮಿಗೆ ಹೋದಾಗ ಹೇಳಾಂವ ಇದ್ದೆ."

ನಾನು ಆಗಲೇ ಫೋನು ಹಚ್ಚಿದ್ದೆ. ದ್ಯಾಮಪ್ಪನ ಫೋನನ್ನು ಅವನ ಹೆಂಡತಿ ಗಾಳೆವ್ವ ಎತ್ತಿದಳು.

"ಅಯ್ಯ, ಈಗ ನಿಮ್ಮದೇ ಮಾತು ನಡದಿತ್ರಿ ಅಕ್ಕಾರ. ನಿಮ್ಮ ತಮ್ಮ ಹಗೇವಿನ ಬಾಯಿ ತಗಿಯಾಕ ಹತ್ಯಾರ. ಅಕ್ಕ ಬರ್ತಾಳ, ಪಂಚಮಿ ಅಳ್ಳು ಹಗೇವಿನ ಜೋಳದ್ದೇ ಆಗಬೇಕಂತ ಅವರ ಹಟ."

"ಇಳೀಬ್ಯಾಡ ಅನ್ನವಾ ಅವಂಗ! ಗಾಳೆವ್ವ, ಈಗಿಂದೀಗ ಹೋಗಿ ಹೇಳು!"

"ಏನೂ ಆಗಂಗಿಲ್ಲ ಬಿಡ್ರಿ, ಅಣ್ಣಾರು ಕಡದ ನೋಡಿದ ಜೋಳ ಐತಿ. ತಡೀರಿ, ಹಾಲು ಉಕ್ಕಾಕ ಹತ್ತೇತಿ..."

ಫೋನನ್ನು ಎಲ್ಲೋ ಇಟ್ಟಳು. ಪಾತ್ರೆಯ ಸದ್ದು ಕೇಳಿಸಿತು. "ಕಡದದ್ದು ಸುಳ್ಳು!" ಎಂದು ಕಿರುಚಿದೆ, ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು, ಅವಳಿಗೆ ಕೇಳಿಸಲಿಲ್ಲ. ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ.

ಇವರು ಅಷ್ಟರಲ್ಲಿ ಓಡಿದ್ದರು. ಮೊಣಕಾಲು ನೋವಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಅಲ್ಲೇ ಬಾಡಿಗೆ ಕಾರು ಓಡಿಸುವ ಕಳಕಪ್ಪ ಎಂಬವನು ಚಹಾ ಕುಡಿಯುತ್ತಿದ್ದ, ಅವನ ರಟ್ಟೆ ಹಿಡಿದೇ ಎಬ್ಬಿಸಿದರು. "ಜಕ್ಕಲಿ. ಲಗೂ ನಡಿ."

ದಾರಿಯುದ್ದಕ್ಕೂ ನಾನು ಫೋನು ಹಚ್ಚುತ್ತಲೇ ಇದ್ದೆ. ಅಳ್ಳು ಯಾರು ಕೇಳಿದ್ದರು? ಅಂಗಡಿಯ ಜೋಳದಲ್ಲೂ ಅಳ್ಳು ಅರಳುತ್ತದೆ. ನನ್ನ ಸಲುವಾಗಿಯೇ ಅವನು ಆ ಗುಂಡಿಗೆ ಇಳಿಯುತ್ತಿದ್ದಾನೆ. ನರೇಗಲ್ಲಿನಲ್ಲಿ ಅವತ್ತೇ ಸಂತೆಯಾಗಬೇಕೆ? ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ಒಂದು ರಸ್ತೆಗೆ ಅಡ್ಡ ನಿಂತಿತ್ತು. ಕಳಕಪ್ಪ ಹಾರ್ನ್ ಒತ್ತಿದ. ಇವರು ಮುಂದಿನ ಸೀಟಿನಲ್ಲಿ ಅಲುಗದೆ ಕೂತಿದ್ದರು. ಈ ಸಲ ಗಂಟು ಎದ್ದದ್ದು ಇಳಿಯಲೇ ಇಲ್ಲ. ಆಗ 'ಕಟ್' ಎಂದು ಸದ್ದಾಯಿತು. ಇವರು ಅಂಗೈಗೆ ಉಗುಳಿ ನೋಡಿದರು. ಹೊಸ ಹಲ್ಲಿನ ಒಂದು ಚೂರು.

"ಕಿವಿಗೆ ಕೇಳಿಸ್ತು" ಅಂದರು. "ಹಲ್ಲಿಗೆ ತಿಳೀಲಿಲ್ಲ."

ಆ ಮಾತಿಗೆ ನನಗೆ ಅಳು ಬಂತು. ಸಿಟ್ಟೂ ಹಾಗೇ ಇತ್ತು.

ಜಕ್ಕಲಿಯ ಓಣಿಯಲ್ಲಿ ಕಾರು ನಿಲ್ಲುವ ಮುಂಚೆಯೇ ಇವರು ಬಾಗಿಲು ತೆರೆದರು. ಮೆತ್ತಿದ ಮಣ್ಣು ಬಿಡಿಸಲು ಹೊತ್ತು ಹಿಡಿದಿರಬೇಕು, ಹಗೇವಿನ ಕಲ್ಲು ಆಗಷ್ಟೇ ಪಕ್ಕಕ್ಕೆ ಸರಿದಿತ್ತು. ದ್ಯಾಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿನ ಮೇಲೆ ಕೂತಿದ್ದ, ಕಾಲೆರಡೂ ಒಳಗೆ. ಓಣಿಯವರು ಹಗ್ಗ ಹಿಡಿದು ನಿಂತಿದ್ದರು.

"ಇಳೀಬ್ಯಾಡ!" ಎಂದು ಕೂಗುತ್ತ ಇವರು ಓಡಿದರು.

ದ್ಯಾಮಪ್ಪ ನಮ್ಮನ್ನು ನೋಡಿ ನಕ್ಕ. "ಬರ್ರಿ ಮಾಮಾ. ಯಾಕ್ರಿ ಗಾಬರಿ? ನೀವೇ ಕಡದ ಜೋಳ ಐತಿ."

ಹೇಳಲು ನಾನು ಬಾಯಿ ಹಾಕುವಷ್ಟರಲ್ಲಿ ಇವರು ಕೈಯೆತ್ತಿ ತಡೆದರು. ಬಿಸಿಲಲ್ಲಿ, ಅಷ್ಟು ಮಂದಿಯ ನಡುವೆ ನಿಂತು ಹೇಳಿದರು. "ನಾ ಸುಳ್ಳ ಹೇಳಿದ್ದೆ ದ್ಯಾಮಪ್ಪ. ಹಸಿ ಇತ್ತೋ ಒಣ ಇತ್ತೋ ನನಗ ತಿಳೀಲಿಲ್ಲ. ಈ ಹಲ್ಲಿಗೆ ಏನೂ ತಿಳಿಯಂಗಿಲ್ಲ. ತಿಳೀಲಿಲ್ಲ ಅನ್ನಾಕ ನಾಚಿಕಿ ಬಂತು."

ಹಗ್ಗ ಹಿಡಿದವನೊಬ್ಬ, ಇದು ತಮಾಷೆಯೋ ಏನೋ ಎಂದು, ಅರ್ಧ ನಕ್ಕು ನಿಲ್ಲಿಸಿದ. ದ್ಯಾಮಪ್ಪನ ಕಾಲು ಇನ್ನೂ ಒಳಗೇ ಇದ್ದವು.

"ಕಂದೀಲು ತರ್ರಿ" ಅಂದೆ ನಾನು.

ಗಾಳೆವ್ವ ಅಟ್ಟದಿಂದ ಇಳಿಸಿ ತಂದಳು. ಜೇಡರ ಬಲೆ ಒರೆಸಿ, ಎಣ್ಣೆ ಹಾಕಿ, ಹಚ್ಚಿ, ಹಗ್ಗಕ್ಕೆ ಕಟ್ಟಿ ಬಿಟ್ಟರು. ಹಗೇವಿನ ಕುತ್ತಿಗೆ ದಾಟುವವರೆಗೆ ಚೆನ್ನಾಗಿಯೇ ಉರಿಯಿತು. ಆಮೇಲೆ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಅಲ್ಲಿಯೇ ಆರಿತು.

ದ್ಯಾಮಪ್ಪ ಆರಿದ ಕಂದೀಲನ್ನು ನೋಡಿದ, ತನ್ನ ಕಾಲನ್ನು ನೋಡಿದ. ಒಂದೊಂದಾಗಿ ಎರಡನ್ನೂ ಹೊರಗೆಳೆದುಕೊಂಡು ಹಿಂದಕ್ಕೆ ಸರಿದು ನೆಲದ ಮೇಲೆ ಕೂತ. ಗಾಳೆವ್ವ ಅವನ ತೋಳು ಹಿಡಿದು ಪಕ್ಕದಲ್ಲೇ ಕುಸಿದಳು.

ಹಗ್ಗಕ್ಕೆ ಡಬ್ಬಿ ಕಟ್ಟಿ ಇಳಿಸಿ ಒಂದಿಷ್ಟು ಜೋಳ ಮೇಲೆತ್ತಿದರು. ಕಪ್ಪಗಾಗಿತ್ತು, ಹುಳಿ ನಾತ ಹೊಡೆಯುತ್ತಿತ್ತು. ಕಡಿದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಇವರು ಒಂದು ಕಾಳು ಆರಿಸಿ, ಧೋತರಕ್ಕೆ ಒರೆಸಿ, ತುಟಿ ಮೇಲಕ್ಕೆ ಎಳೆದುಕೊಂಡು, ಎಲ್ಲರ ಎದುರಿಗೆ ಮುಂದಿನ ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಒತ್ತಿದರು. ಥೇಟ್ ಅಳಿಲೇ. ಯಾರೂ ನಗಲಿಲ್ಲ.

"ಹಸಿ" ಅಂದರು, ಉಗುಳಿದರು. "ಇವಕ್ಕ ತಿಳೀತೈತಿ. ಆವತ್ತ ಇವಕ್ಕ ಕೊಟ್ಟಿದ್ರ ಆವತ್ತೇ ಹೇಳ್ತಿದ್ದುವು."

ಬೈಯಬೇಕು ಅನ್ನಿಸಿತು ನನಗೆ. ಆ ಮಂದಿಯ ಮುಂದೆಯೇ, ಜೀವಮಾನಕ್ಕೆ ಸಾಕಾಗುವಷ್ಟು ಬೈಯಬೇಕು. ಬಾಯಿ ತೆರೆಯಲು ಹೋದೆ, ತೆರೆಯಲಿಲ್ಲ. ಮಾತು ನಾಲಿಗೆಯ ಮೇಲೇ ಇತ್ತು, ದವಡೆ ಬಿಡಲಿಲ್ಲ. ಕೆನ್ನೆ ಮುಟ್ಟಿಕೊಂಡೆ. ಎರಡೂ ಕಡೆ ಕಲ್ಲು. ಗಜೇಂದ್ರಗಡದಿಂದ ಇಲ್ಲಿಯವರೆಗೆ ನಾನೂ ಹಲ್ಲು ಕಚ್ಚಿ ಹಿಡಿದಿದ್ದೆ, ನನಗೇ ಗೊತ್ತಿರಲಿಲ್ಲ.

ಇವರು ಅದನ್ನು ಕಂಡರು. ನಾಲ್ಕು ಜನರ ಮುಂದೆ ಎಂದೂ ನನ್ನ ಕೈ ಹಿಡಿಯದ ಮನುಷ್ಯ ಹತ್ತಿರ ಬಂದು, ಎರಡೂ ಕೆನ್ನೆಯ ಮೇಲೆ ಬೆರಳಿಟ್ಟರು, ಆ ಡಾಕ್ಟರು ಇಟ್ಟ ಹಾಗೆಯೇ.

"ಬಿಡು ರೇಣುಕಾ" ಅಂದರು. "ಈಗ ಬಿಡು."

ನನ್ನ ತಮ್ಮ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದ. ಅವನ ಗಂಟಲು ಏರಿಳಿಯುವುದನ್ನು ನೋಡಿದೆ. ಆಮೇಲೆ ದವಡೆ ಸಡಿಲಾಯಿತು, ಜೋರಾಗಿ ಅತ್ತೆ.